ಬೇತಾಳನಿಗೆ ಕೋರೆಹಲ್ಲು ಕಟ್ಟಿದವರು

ಹೊಸಕೋಟೆ ತಾಲ್ಲೂಕಿನ ಕಂಬಳೀಪುರದಲ್ಲಿ ಕಾಟೇರಮ್ಮನ ಗುಡಿಯೊಂದುಂಟು. ಬೆಂಗಳೂರಿನಿಂದಲೂ ಸುತ್ತಣ ಸೀಮೆಗಳಿಂದಲೂ ಜನರು ತಂಡೋಪತಂಡವಾಗಿ ಅಲ್ಲಿಗೆ ಬಂದು, ಹರಕೆ ಹೊತ್ತು, ಮಕ್ಕಳ ತಲೆಯನ್ನು ಆ ತಾಯಿಯ ಮುಂದೆ ಬಾಗಿಸಿ ಹೋಗುತ್ತಾರೆ. ಆಕೆ ಅಮ್ಮ, ಅದರಲ್ಲಿ ಬಂದವರಿಗೆ ಯಾರಿಗೂ ಸಂದೇಹವಿಲ್ಲ. ಆದರೆ ಅಲ್ಲಿಂದ ಕೆಲವೇ ಹರಿದಾರಿಗಳಾಚೆ, ತಮಿಳು ಮಾತು ಮೊದಲಾಗುವ ಸೀಮೆಯಲ್ಲಿ, ಅದೇ ಹೆಸರಿನ ಮುಂದೆ ರಕ್ತವೆಂಬ ಒಂದು ವಿಶೇಷಣ ಸೇರಿದರೆ ಸಾಕು, 'ರತ್ತಕ್ಕಾಟ್ಟೇರಿ' ಎಂದಾಗಿ, ಆಂಗ್ಲರು ವ್ಯಾಂಪೈರ್ ಎಂದು ಕರೆಯುವ ರಕ್ತಪಾಯಿಯಾದ ಪ್ರೇತಕ್ಕೆ ಸಲ್ಲುವ ಪದವಾಗಿಬಿಡುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. 19ನೆಯ ಶತಮಾನದಲ್ಲಿ ಕಬ್ಬಿನ ತೋಟಗಳ ಕೂಲಿಗೆಂದು ಹಡಗು ಹತ್ತಿದ ದಕ್ಷಿಣದೇಶದ ಜನರು ಈ ಹೆಸರನ್ನು ಗಯಾನಾ ದೇಶದವರೆಗೂ ಕೊಂಡೊಯ್ದರು. ಅಲ್ಲಿ ಮಾರಿಯಮ್ಮನ ಸಂಗಡ ಕಾಟೇರಿಗೂ ಇಂದಿಗೆ ಪೂಜೆ ಸಲ್ಲುತ್ತಿದೆ. ಒಂದೆಡೆ ತಾಯಿ, ಒಂದೆಡೆ ರಕ್ತ ಹೀರುವ ಭೂತ, ಸಮುದ್ರದಾಚೆ ಮತ್ತೆ ದೇವತೆ. ಹೆಸರು ಒಂದಾದ ಮಾತ್ರಕ್ಕೆ ಶಕ್ತಿಯೂ ಒಂದೆಯೋ, ಅಥವಾ ಒಂದು ಹೆಸರಿನಡಿಯಲ್ಲಿ ಹಲವು ಶಕ್ತಿಗಳು ಬಂದು ಸೇರಿದವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕಂಬಳೀಪುರದಿಂದ ಹಿಂದಿರುಗಿದ ವಿದ್ಯಾವಂತ ಕುಟುಂಬದ ಬಾಲಕನೊಬ್ಬನು 'ಕಾಟೇರಮ್ಮ ಎಂದರೆ ಯಾರು?' ಎಂದು ಕೇಳಿದರೆ, ಅವನ ತಂದೆತಾಯಿಗಳು ಯಾವ ಕನ್ನಡ ಪುಸ್ತಕವನ್ನು ತೆಗೆದು ಅವನ ಕೈಗೆ ಕೊಡಬೇಕು?

ಇಂಗ್ಲಿಷಿನಲ್ಲಾದರೋ ಇಂಥ ಪುಸ್ತಕಗಳಿಗೆ ಬರವಿಲ್ಲ. ಥಾಮಸ್ ಕೈಟ್ಲಿ ಎಂಬಾತನು 1828ರಲ್ಲಿಯೇ ಯೂರೋಪಿನ 'ಫೇರಿ'ಗಳ ಪುರಾಣವನ್ನು ದೇಶವಾರು ವಿಂಗಡಿಸಿ ಬರೆದನು. ಸರಿಯಾಗಿ ಒಂದು ನೂರು ವರ್ಷಗಳ ಅನಂತರ ಮಾಂಟೇಗ್ ಸಮ್ಮರ್ಸ್ ವ್ಯಾಂಪೈರುಗಳ ವಂಶಾವಳಿಯನ್ನೇ ಗ್ರಂಥವಾಗಿ ಹೊರತಂದನು. 1976ರಲ್ಲಿ ಕ್ಯಾಥರಿನ್ ಬ್ರಿಗ್ಸ್ ಎಂಬ ವಿದುಷಿ ಫೇರಿಗಳ ನಿಘಂಟನ್ನು ರಚಿಸಿದಳು. ಎರಡೇ ವರ್ಷಗಳಲ್ಲಿ ಬ್ರಯನ್ ಫ್ರೌಡ್ ಮತ್ತು ಆಲನ್ ಲೀ ಎಂಬ ಚಿತ್ರಕಾರರಿಬ್ಬರು ಅದೇ ಲೋಕವನ್ನು ಬಣ್ಣಗಳಲ್ಲಿ ಕಣ್ಣಿಗೆ ಕಟ್ಟಿದರು. 1990ರ ದಶಕದಿಂದೀಚೆಗೆ ರಕ್ತಪಾಯಿಗಳ ವಿಶ್ವಕೋಶಗಳು ಒಂದರ ಹಿಂದೊಂದಾಗಿ ಅಚ್ಚಾಗಿವೆ. ಇವುಗಳಲ್ಲಿ ಕೆಲವು ಪಾಂಡಿತ್ಯದಿಂದ ಕೂಡಿದವು, ಕೆಲವು ಬರಿಯ ಸಂತೆಯ ಸರಕು. ಅವರ ಭೂತಗಳನ್ನು ಅವರು ಬರೆದುಕೊಂಡರೆ ಆಕ್ಷೇಪಿಸುವವರು ಯಾರು? ಆಕ್ಷೇಪವಿರುವುದು ಬೇರೆ ಕಡೆ. ಕನ್ನಡದ ಮನೆಗಳಲ್ಲಿ ಮಕ್ಕಳು ತಮ್ಮ ಊರಿನ ಹುಣಸೆಯ ಮರದ ದೆವ್ವವನ್ನೂ ಈ ಪರದೇಶದ ಪುಸ್ತಕಗಳ ಕನ್ನಡಿಯಲ್ಲಿಯೇ ನೋಡಿ ಗುರುತಿಸಬೇಕಾದ ದುರವಸ್ಥೆ ಬಂದೊದಗಿದೆ; ಮತ್ತು ಈ ದುರವಸ್ಥೆಗೆ ಹೊಣೆ ಪರದೇಶದವರಲ್ಲ, ಕನ್ನಡದ ವಿದ್ವಜ್ಜನರೇ.

ಬೇತಾಳನ ಸಂಗತಿಯನ್ನು ನೋಡಬಹುದು. ಸೋಮದೇವನ ಕಥಾಸರಿತ್ಸಾಗರದಲ್ಲಿ ಸೇರಿರುವ ಇಪ್ಪತ್ತೈದು ಕಥೆಗಳ ಆ ಮಾಲೆಯನ್ನು ತಿಳಿಯದ ಕನ್ನಡಿಗನಿಲ್ಲ. ಶ್ಮಶಾನದ ಮರದಲ್ಲಿ ತೂಗುವ ಶವವನ್ನು ಹೊಕ್ಕಿರುವ ಈ ಬೇತಾಳನು ಯಾರ ರಕ್ತವನ್ನೂ ಹೀರುವುದಿಲ್ಲ. ಅವನು ಕಥೆ ಹೇಳುತ್ತಾನೆ. ಕಥೆಯ ತುದಿಯಲ್ಲಿ ಧರ್ಮಸೂಕ್ಷ್ಮದ ಪ್ರಶ್ನೆಯೊಂದನ್ನಿಟ್ಟು ಅರಸನ ಬುದ್ಧಿಯನ್ನು ಒರೆಗೆ ಹಚ್ಚುತ್ತಾನೆ. ಕಡೆಗೆ, ಬಲಿಗೊಡಲು ಹವಣಿಸುತ್ತಿದ್ದ ಕಪಟ ಸಂನ್ಯಾಸಿಯಿಂದ ಆ ಅರಸನನ್ನು ಉಳಿಸುವವನೂ ಅವನೇ. ಇಂಥವನನ್ನು ರಿಚರ್ಡ್ ಬರ್ಟನ್ ಮಹಾಶಯನು 1870ರಲ್ಲಿ ಹನ್ನೊಂದು ಕಥೆಗಳನ್ನು ಆಯ್ದು, ತನ್ನ ಮನಸ್ಸಿಗೆ ತೋರಿದಂತೆ ಹಿಗ್ಗಿಸಿ, 'ವಿಕ್ರಮನೂ ವ್ಯಾಂಪೈರೂ' ಎಂಬರ್ಥದ ಹೆಸರಿಟ್ಟು ಪ್ರಕಟಿಸಿದನು. ಅರ್ನೆಸ್ಟ್ ಗ್ರಿಸೆಟ್ ಎಂಬ ಚಿತ್ರಕಾರನು ಅದಕ್ಕೆ ಚಿತ್ರಗಳನ್ನು ಬರೆದನು. ಒಂದು ತಪ್ಪು ಹೆಸರು, ಅದರ ಬೆನ್ನಿಗೆ ಹಲವು ತಪ್ಪು ಚಿತ್ರಗಳು: ಅಂದಿನಿಂದ ಇಂದಿನವರೆಗೆ ರಕ್ತಪಾಯಿಗಳ ಕೋಶಗಳಲ್ಲಿ ಬೇತಾಳನು 'ಭಾರತದ ವ್ಯಾಂಪೈರ್' ಎಂಬ ಬಿರುದನ್ನು ಹೊತ್ತು ನಿಂತಿದ್ದಾನೆ. ಧರ್ಮಸೂಕ್ಷ್ಮವನ್ನು ಕೇಳುವ ಭೂತಕ್ಕೆ ಆ ಬಳಗದಲ್ಲಿ ಎಡೆಯಿಲ್ಲವಾದ್ದರಿಂದ ಬಾಯಿಗೆ ರಕ್ತ ಬಳಿಯಲಾಯಿತು.

ಇದಕ್ಕೆ ಪ್ರತಿಯಾಗಿ ಕನ್ನಡದ ಮನೆಗಳಿಗೆ ಇನ್ನೊಂದು ಚಿತ್ರವೂ ಬಂದಿತ್ತೆಂಬುದನ್ನು ಸ್ಮರಿಸತಕ್ಕದ್ದು. 1949ರಿಂದ ಕನ್ನಡದಲ್ಲಿ ಹೊರಡತೊಡಗಿದ 'ಚಂದಮಾಮ'ದ ಪುಟಗಳಲ್ಲಿ, ಹಿರಿದ ಕತ್ತಿ, ಹೆಗಲ ಮೇಲೆ ಜೋತ ಶವ, ಕಾಲ ಬಳಿ ತಲೆಬುರುಡೆ, ಹಿಂದೆ ಬರಲು ಮರ, ಇಷ್ಟರಿಂದಲೇ ಕೆ. ಸಿ. ಶಿವಶಂಕರನ್ ಬರೆದ ಚಿತ್ರವು ಎರಡು ಮೂರು ತಲೆಮಾರುಗಳ ಮಕ್ಕಳ ಕಣ್ಣಿನಲ್ಲಿ ನಿಂತುಬಿಟ್ಟಿತು. ಆ ಚಿತ್ರಕಾರನು 2020ರಲ್ಲಿ ತೀರಿಕೊಂಡನು. ಆ ಮಾಸಪತ್ರಿಕೆಯೂ ನಿಂತುಹೋಗಿದೆ. ಒಂದು ಸರಿಯಾದ ಚಿತ್ರವು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಅದೊಂದೇ ಸಾಕ್ಷಿ ಸಾಕು. ಅದಿಲ್ಲದಿದ್ದರೆ ಗ್ರಿಸೆಟನ ಬೇತಾಳನೇ ಇಲ್ಲಿಯೂ ನೆಲೆಯೂರುತ್ತಿದ್ದನು.

ಬ್ರಹ್ಮರಾಕ್ಷಸನ ಗತಿ ಇನ್ನೂ ಹೀನವಾಯಿತು. ಇಂಗ್ಲಿಷಿನ ಕೆಲವು ಕೋಶಗಳಲ್ಲಿ 'ಬ್ರಹ್ಮಪರುಷ'ನೆಂಬ ಒಂದು ವಿಚಿತ್ರ ಪ್ರಾಣಿ ಕಾಣಸಿಗುತ್ತದೆ: ಕರುಳುಗಳನ್ನು ತಲೆಗೆ ಸುತ್ತಿಕೊಂಡು, ಬುರುಡೆಯ ಬಟ್ಟಲಿನಲ್ಲಿ ರಕ್ತ ಕುಡಿಯುವ ಭಾರತದ ವ್ಯಾಂಪೈರ್ ಅಂತೆ! ಈ ಹೆಸರನ್ನು ನೆಲಮಂಗಲದ ಸಂತೆಯಲ್ಲಿ ಉಚ್ಚರಿಸಿದರೆ ಕೇಳಿದವರು ನಗುವರು. ಕನ್ನಡದ ಬ್ರಹ್ಮರಾಕ್ಷಸನು ಯಾರು? ಓದಿದ ವಿದ್ಯೆಯನ್ನು ಯೋಗ್ಯನಾದ ಶಿಷ್ಯನಿಗೆ ಹೇಳಿಕೊಡದೆ, ಅಥವಾ ವಿದ್ಯೆಯನ್ನು ಅನ್ಯಾಯಕ್ಕೆ ಬಳಸಿ ಸತ್ತ ಬ್ರಾಹ್ಮಣನು. ಅರಳಿಯ ಮರವನ್ನೇರಿ ಕುಳಿತು, ತನ್ನ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಬಂದಾನೆಂದು ಕಾದಿರುವವನು. ಇದು ವಿದ್ಯೆಯ ಋಣವನ್ನು ಕುರಿತ ಕಥೆ. ಗಿರೀಶ ಕಾರ್ನಾಡರು 'ಅಗ್ನಿ ಮತ್ತು ಮಳೆ'ಯಲ್ಲಿ ಬ್ರಹ್ಮರಾಕ್ಷಸನನ್ನು ರಂಗಕ್ಕೆ ತಂದರು. ಅದಕ್ಕೂ ಮೊದಲು, 1971ರ 'ಹಯವದನ'ದಲ್ಲಿ, ಬೇತಾಳನ ಕಥೆಗಳೊಳಗಿನ ತಲೆ ಬದಲಾದ ಪ್ರಸಂಗವನ್ನೇ ಬೆನ್ನೆಲುಬಾಗಿ ಮಾಡಿಕೊಂಡರು. ನಾಟಕಕಾರನಿಗೆ ಬೆಲೆಯುಳ್ಳದ್ದಾಗಿ ತೋರಿದ ಸಾಮಗ್ರಿಯು ಕೋಶಕಾರನಿಗೆ ಮಾತ್ರ ಅಲಕ್ಷ್ಯವಾಗಿ ತೋರುವುದೇಕೆ?

ಇನ್ನು 'ಫೇರಿ'ಯ ವಿಚಾರ. ಈ ಪದಕ್ಕೆ ಕನ್ನಡದ ಅನುವಾದಕರು ಒಮ್ಮೆ ಯಕ್ಷಿಣಿಯೆಂದರು, ಒಮ್ಮೆ ಕಿನ್ನರಿಯೆಂದರು, ಮತ್ತೊಮ್ಮೆ ಅಪ್ಸರೆಯೆಂದರು. ಯಕ್ಷಿಣಿಯೆಂದರೆ ಕನ್ನಡದಲ್ಲಿ ಕಣ್ಕಟ್ಟಿನ ವಿದ್ಯೆಗೂ ಹೆಸರು. ಸಂತೆಯಲ್ಲಿ ಟೋಪಿಯಿಂದ ಪಾರಿವಾಳವನ್ನು ತೆಗೆಯುವವನು ಯಕ್ಷಿಣಿಗಾರ. ಅದೇ ಪದವು ತದ್ಭವವಾಗಿ ಜಕ್ಕಣಿಯಾದಾಗ ಅರ್ಥ ಬೇರೆ ದಾರಿ ಹಿಡಿಯುತ್ತದೆ. ಹೀಗಿರುವಾಗ ಪದವೊಂದನ್ನು ತಂದು ಹಚ್ಚಿ, ಅದರ ಪಕ್ಕಕ್ಕೆ ಚಿಟ್ಟೆಯ ರೆಕ್ಕೆಯ ಬಿಳಿಯ ಹುಡುಗಿಯ ಚಿತ್ರವನ್ನು ಅಂಟಿಸಿದರೆ ಅನುವಾದವಾಯಿತೆಂದು ತಿಳಿಯುವುದು ಎಂಥ ಪಾಂಡಿತ್ಯ? ಆ ರೆಕ್ಕೆಗಳಾದರೂ ಬಹಳ ಹಳೆಯವಲ್ಲ. 18ನೆಯ ಶತಮಾನದ ಕೊನೆಯಿಂದೀಚೆಗೆ ಇಂಗ್ಲೆಂಡಿನ ಚಿತ್ರಕಾರರೂ ನಾಟಕಶಾಲೆಯವರೂ ಸೇರಿ ಮೂಡಿಸಿದಂಥವು. ಹಾಗೆಯೇ ಸರ್ಬಿಯಾದ ಹಳ್ಳಿಗರು ಹೆದರುತ್ತಿದ್ದ ವ್ಯಾಂಪೈರ್ ಉಬ್ಬಿದ ಮೈಯ, ಕೆಂಪೇರಿದ ಮುಖದ, ನಿನ್ನೆಮೊನ್ನೆ ಸತ್ತ ನೆರೆಯವನೇ ಹೊರತು, ಕಪ್ಪು ನಿಲುವಂಗಿ ತೊಟ್ಟ ಜಮೀನುದಾರನಲ್ಲ. ಅವನಿಗೆ ಕೋರೆಹಲ್ಲು ಕಟ್ಟಿದವರು 19ನೆಯ ಶತಮಾನದ ಕಾದಂಬರಿಕಾರರು; ಅದನ್ನು ಹೊಳೆಯುವಂತೆ ಉಜ್ಜಿದವರು 20ನೆಯ ಶತಮಾನದ ಚಲಚ್ಚಿತ್ರದವರು. ಆಮದಾದ ರೆಕ್ಕೆಯೂ ಆಮದಾದ ಹಲ್ಲೂ ಈಗ ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಮೋಹಿನಿಯ ಮೈಮೇಲೆಯೇ ಬೆಳೆದಿವೆ.

ಇದರಲ್ಲಿ ಬೆಂಗಳೂರಿನ ಪಾತ್ರವೂ ಉಂಟು, ಮತ್ತು ಅದು ಕುತೂಹಲಕರವಾದುದು. 'ಅಮರ ಚಿತ್ರಕಥೆ'ಯ ಇಂಗ್ಲಿಷ್ ಮಾಲೆಯಲ್ಲಿ 'ಕೃಷ್ಣ'ನು 11ನೆಯ ಸಂಖ್ಯೆಯಿಂದ ಆರಂಭವಾಗುವುದನ್ನು ಕಂಡು ಹಲವರು ಆಶ್ಚರ್ಯಪಟ್ಟಿದ್ದಾರೆ. ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಹೊರಟಂಥವು. ಅವು ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಅದ್ಭುತ ಕಥೆಗಳು. ಭಾರತದ ಪುರಾಣಗಳ ಚಿತ್ರಮಾಲೆಗೆ ಕನ್ನಡವೇ ದಾರಿ ತೆರೆಯಿತೆಂಬುದು ಅಭಿಮಾನದ ಸಂಗತಿ. ಆದರೆ ಆ ದಾರಿಯಲ್ಲಿ ಪುರಾಣದ ದೇವತೆಗಳೂ ಇತಿಹಾಸದ ವೀರರೂ ಸಾಗಿಹೋದರು. ಅಡಗೂಲಜ್ಜಿಯ ಕಥೆಗಳ ಜಕ್ಕಣಿ, ಮುನಿ, ಕೊಳ್ಳಿದೆವ್ವಗಳು ಬಾಗಿಲ ಹೊರಗೇ ಉಳಿದವು.

ದೇವನಹಳ್ಳಿಯ ಹಾದಿಯಲ್ಲಿ, ಚಿಕ್ಕಜಾಲದ ಸಮೀಪ, ಅಕ್ಕಯ್ಯಮ್ಮನ ಬೆಟ್ಟವಿದೆ. ಈ ಸೀಮೆಯ ಕೆರೆಬಾವಿಗಳ ಬಳಿ ಅಕ್ಕಯ್ಯಗಳೆಂದು ಏಳು ಕಲ್ಲುಗಳನ್ನು ನಿಲ್ಲಿಸಿ, ಅರಿಸಿನ ಕುಂಕುಮವಿಟ್ಟು ಪೂಜಿಸುವುದನ್ನು ಹಳಬರು ಬಲ್ಲರು. ನೀರಿನ ಬಳಿ ವಾಸಿಸುವ, ಗುಂಪಾಗಿ ಇರುವ, ಒಲಿದರೆ ಬೆಳೆ ಕೊಡುವ, ಮುನಿದರೆ ಮೈಮೇಲೆ ಬರುವ ಕನ್ಯೆಯರು: ಫೇರಿಗೆ ಹತ್ತಿರದ ನೆಂಟಸ್ತಿಕೆಯುಳ್ಳವರನ್ನು ಹುಡುಕಬೇಕಾದರೆ ಇವರ ಬಳಿಗೆ ಹೋಗಬೇಕು. ಇವರಿಗೆ ರೆಕ್ಕೆಯಿಲ್ಲ. ರೆಕ್ಕೆಯಿಲ್ಲದೆ ಹಾರುವುದು ಹೇಗೆಂದು ಕೇಳುವ ಚಿತ್ರಕಾರನು ಈ ತಾಲ್ಲೂಕುಗಳ ವೀರಗಲ್ಲುಗಳ ಮುಂದೆ ಹೋಗಿ ನಿಲ್ಲಲಿ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ; ನಡುವಣ ಪಟ್ಟಿಕೆಯಲ್ಲಿ ಮಡಿದ ವೀರನನ್ನು ತೋಳು ಹಿಡಿದೆತ್ತಿ ಒಯ್ಯುವ ದೇವಾಂಗನೆಯರು; ಮೇಲಣ ಪಟ್ಟಿಕೆಯಲ್ಲಿ ಲಿಂಗಪೂಜೆ, ಕೈಲಾಸ. ಮಡಿಸಿದ ಮೊಣಕಾಲಿನ ಓರೆಯಿಂದ, ಗಾಳಿಗೆ ಹಿಂದೆ ಸರಿದ ಸೆರಗಿನಿಂದ ಶಿಲ್ಪಿಯು ಹಾರಾಟವನ್ನು ತೋರಿಸಿಬಿಟ್ಟಿದ್ದಾನೆ. ಬಿ. ಎಲ್. ರೈಸ್ ಮಹಾಶಯನು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಊರ ಹೆಸರಿನೊಡನೆ ಸೇರಿವೆ. ವಿಳಾಸವೂ ಸಿದ್ಧವಾಗಿದೆ. ಹೋಗಿ ನೋಡುವ ಕಾಲುಗಳಿಗೆ ಮಾತ್ರ ಕೊರತೆ.

ಇಷ್ಟನ್ನು ಕೇಳಿದೊಡನೆ ವಿಚಾರವಂತರೊಬ್ಬರು ಎದ್ದು ನಿಲ್ಲುವರು: 'ದೆವ್ವಗಳಿಗೆ ಕೋಶವೇ? ಜನರ ಮೂಢತೆ ಸಾಲದೆಂದು ಅದಕ್ಕೆ ಬಣ್ಣದ ಚಿತ್ರವೇ?' ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಏಕೆಂದರೆ ದೆವ್ವದ ಹೆಸರಿನಲ್ಲಿ ನಡೆಯುವ ಕ್ರೌರ್ಯವು ಕಟ್ಟುಕಥೆಯಲ್ಲ. ಗಾಳಿ ಹಿಡಿದಿದೆಯೆಂದು ಹೆಂಗಸರನ್ನು ಬೇವಿನ ಸೊಪ್ಪಿನಿಂದಲೂ ಬೆತ್ತದಿಂದಲೂ ಹೊಡೆಯುವ, ಕೂದಲನ್ನು ಮರಕ್ಕೆ ಮೊಳೆಯಿಂದ ಬಿಗಿಯುವ ಪದ್ಧತಿಗಳಿದ್ದುದರಿಂದಲೇ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಅಧಿನಿಯಮವು ಬೇಕಾಯಿತು. ಅದು 2020ರಲ್ಲಿ ಜಾರಿಗೆ ಬಂದಿತು. ಗೌರಿಬಿದನೂರಿನ ಕಡೆಯ ಹಳ್ಳಿಯಿಂದ ಬಂದ ಡಾಕ್ಟರ್ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದರು. ಅವರ ರೀತಿಯನ್ನೇ ಗಮನಿಸಬೇಕು. ಅವರು ಕಣ್ಣು ಮುಚ್ಚಿಕೊಳ್ಳಿರೆಂದು ಹೇಳಲಿಲ್ಲ. ಹತ್ತಿರ ಹೋಗಿ ನೋಡಿರಿ, ಪ್ರಶ್ನಿಸಿರಿ, ಬರೆದಿಡಿರಿ ಎಂಬುದೇ ಅವರ ಬೋಧೆಯಾಗಿತ್ತು.

ಯೂರೋಪಿನ ವ್ಯಾಂಪೈರ್ ಸತ್ತದ್ದಾದರೂ ಹೇಗೆ? 1731–32ರಲ್ಲಿ ಸರ್ಬಿಯಾದ ಹಳ್ಳಿಯೊಂದರಲ್ಲಿ ಆರ್ನಾಲ್ಡ್ ಪಾವ್ಲೆ ಎಂಬ ಸತ್ತ ಸಿಪಾಯಿಯ ಸುದ್ದಿಯಿಂದ ಹುಟ್ಟಿದ ಗಲಭೆಯನ್ನು ವಿಚಾರಿಸಲು ಆಸ್ಟ್ರಿಯಾದ ಸೈನ್ಯದ ಶಸ್ತ್ರವೈದ್ಯರು ಹೋಗಿ, ಗೋರಿಗಳನ್ನು ತೆಗೆಸಿ, ಕಂಡುದನ್ನು ಕಂಡಂತೆ ಬರೆದರು. ಆ ವರದಿಯು ಮೊದಲು ಬೆಂಕಿಗೆ ತುಪ್ಪ ಸುರಿದಂತಾಯಿತೆಂಬುದು ನಿಜ. ಆದರೆ ಬರೆದಿಟ್ಟದ್ದರಿಂದಲೇ ಅದನ್ನು ಪರೀಕ್ಷಿಸುವುದಕ್ಕೂ ಸಾಧ್ಯವಾಯಿತು. 1755ರಲ್ಲಿ ಮರಿಯಾ ತೆರೇಸಾ ಮಹಾರಾಣಿಯು ತನ್ನ ವೈದ್ಯನಾದ ವಾನ್ ಸ್ವೀಟನನ ಅಭಿಪ್ರಾಯವನ್ನು ಕೇಳಿದಳು. ಶವವು ಕೊಳೆಯದೆ ಉಳಿಯುವುದಕ್ಕೆ ಮಣ್ಣು, ಚಳಿ, ಗಾಳಿಯಿಲ್ಲದಿಕೆಗಳೇ ಕಾರಣವೆಂದು ಅವನು ತೋರಿಸಿಕೊಟ್ಟನು. ಗೋರಿಯನ್ನು ಅಗೆದು ಶವಕ್ಕೆ ಗೂಟ ಹೊಡೆಯುವುದು ರಾಜಾಜ್ಞೆಯಿಂದ ನಿಷಿದ್ಧವಾಯಿತು. 1988ರಲ್ಲಿ ಪಾಲ್ ಬಾರ್ಬರ್ ಎಂಬ ವಿದ್ವಾಂಸನು ಅದೇ ಹಳೆಯ ವರದಿಗಳನ್ನು ಕೈಗೆತ್ತಿಕೊಂಡು, ಉಬ್ಬಿದ ಹೊಟ್ಟೆಯೂ ತುಟಿಯ ರಕ್ತವೂ ಕೊಳೆಯುವ ಶವದ ಸಹಜ ಲಕ್ಷಣಗಳೇ ಎಂದು ವಿವರಿಸಿದನು. ಬರಹದಲ್ಲಿ ಸಿಕ್ಕಿಬಿದ್ದ ಭೂತವು ವೈದ್ಯನ ಮೇಜಿನ ಮೇಲೆ ಬಂದು ಮಲಗಬೇಕಾಯಿತು. ಬಾಯಿಯಿಂದ ಬಾಯಿಗೆ ಹಾರುವ ಭೂತವನ್ನು ಯಾವ ವೈದ್ಯನೂ ಹಿಡಿಯಲಾರನು.

ಎರಡನೆಯ ಆಕ್ಷೇಪವು ವಿದ್ವಾಂಸರದು: 'ಇದೆಲ್ಲವೂ ಆಗಲೇ ಸಂಗ್ರಹವಾಗಿದೆ.' ಆಗಿದೆ, ನಿಜ. ಯಾವ ಭಾಷೆಯಲ್ಲಿ? ಬರ್ನೆಲ್ ಸಂಗ್ರಹಿಸಿದ ತುಳುನಾಡಿನ ಭೂತಾರಾಧನೆಯ ವಿವರಗಳು 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬಂದವು. ಥರ್ಸ್ಟನನ ಏಳು ಸಂಪುಟಗಳು 1909ರಲ್ಲಿ, ಶಕುನ ಮತ್ತು ಮೂಢನಂಬಿಕೆಗಳನ್ನು ಕುರಿತ ಅವನ ಗ್ರಂಥವು 1912ರಲ್ಲಿ ಪ್ರಕಟವಾದವು. ಮದರಾಸಿನ ಬಿಷಪ್ ವೈಟ್‌ಹೆಡ್ 1916ರಲ್ಲಿ ದಕ್ಷಿಣದ ಗ್ರಾಮದೇವತೆಗಳ ಬಗ್ಗೆ ಬರೆಯುತ್ತ, ಬೆಂಗಳೂರಿನ ಅಣ್ಣಮ್ಮನ ಗುಡಿಯೊಳಗಿನ ಸೋದರಿಯರ ಹೆಸರುಗಳನ್ನು, ಉದಲಮ್ಮ ಕೊಕ್ಕಲಮ್ಮ ಮೊದಲಾಗಿ, ಒಂದೊಂದಾಗಿ ದಾಖಲಿಸಿದನು. ಎಲ್ಲಕ್ಕಿಂತ ನೋವಿನ ಸಂಗತಿ ಇದು: 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರೇ ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆಯನ್ನು ನಡೆಯಿಸಿದರು. ಅವರು ತೀರಿಕೊಂಡ ಮೇಲೆ ಅನಂತಕೃಷ್ಣ ಅಯ್ಯರ್ ಅವರು ಅದನ್ನು ಬೆಳೆಸಿ 1928ರಿಂದ 1935ರ ಅವಧಿಯಲ್ಲಿ ಭಾವಚಿತ್ರಸಹಿತವಾದ ನಾಲ್ಕು ಸಂಪುಟಗಳಾಗಿ ಹೊರತಂದರು. ಪೂಜೆ, ದೆವ್ವ, ಗಾಳಿ, ದೃಷ್ಟಿ, ಎಲ್ಲವೂ ಅಲ್ಲಿ ಉಂಟು, ಇಂಗ್ಲಿಷಿನಲ್ಲಿ. ಹೇಳಿದವರು ಕನ್ನಡದಲ್ಲಿ ಹೇಳಿದರು, ಓದುವವರು ಇಂಗ್ಲಿಷಿನಲ್ಲಿ ಓದಬೇಕು. ಎ. ಕೆ. ರಾಮಾನುಜನ್ ಅವರು ಕನ್ನಡ ಅಜ್ಜಿಯರ ಬಾಯಿಂದ ಬಂದ 77 ಕಥೆಗಳನ್ನು ಸಿದ್ಧಪಡಿಸಿದ್ದು ಅವರ ನಿಧನಾನಂತರ 1997ರಲ್ಲಿ ಬೆಳಕು ಕಂಡಿತು, ಅದೂ ಇಂಗ್ಲಿಷಿನಲ್ಲಿಯೇ.

ಕನ್ನಡದಲ್ಲಿ ಏನೂ ಆಗಿಲ್ಲವೆಂದು ಹೇಳುವುದು ಕೃತಘ್ನತೆಯಾದೀತು. ಚಂದ್ರಶೇಖರ ಕಂಬಾರರ ಸಂಪಾದಕತ್ವದಲ್ಲಿ 1985ರಲ್ಲಿ ಪರಿಷತ್ತು ಪ್ರಕಟಿಸಿದ 'ಕನ್ನಡ ಜಾನಪದ ವಿಶ್ವಕೋಶ'ದ ಎರಡು ಸಂಪುಟಗಳು ಗೌರವಾರ್ಹವಾದ ಕಾರ್ಯ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನು ನೋಡಿದವರು ಒಬ್ಬ ಮನುಷ್ಯನ ಹಟವು ಎಷ್ಟನ್ನು ಸಾಧಿಸಬಲ್ಲುದೆಂಬುದನ್ನು ಬಲ್ಲರು. ಆದರೆ ವಿಶ್ವಕೋಶವು ಗ್ರಂಥಾಲಯದ ಬೀರುವಿನಲ್ಲಿದೆ, ವಸ್ತುಸಂಗ್ರಹಾಲಯವು ರಾಮನಗರದಲ್ಲಿದೆ. ಮನೆಯ ಕಪಾಟಿನಲ್ಲಿ, ಹತ್ತು ವರ್ಷದ ಹುಡುಗಿಯ ಕೈಗೆಟುಕುವ ಅಂತಸ್ತಿನಲ್ಲಿ ನಿಲ್ಲತಕ್ಕ ಸಚಿತ್ರಕೋಶವು ಬೇರೆಯೇ ಒಂದು ಜಾತಿ. ಅದನ್ನು ಮಾಡುವುದು ಅಸಾಧ್ಯವೆನ್ನುವವರು ಶಿವರಾಮ ಕಾರಂತರ 'ಬಾಲಪ್ರಪಂಚ'ವನ್ನು ನೆನೆಯಲಿ. 1930ರ ದಶಕದಲ್ಲಿ, ಸರಕಾರದ ಅಕಾಡೆಮಿಗಳಾವುವೂ ಇಲ್ಲದ ಕಾಲದಲ್ಲಿ, ಕನ್ನಡದ ಮಕ್ಕಳಿಗಾಗಿ ಮೂರು ಸಂಪುಟಗಳ ಸಚಿತ್ರ ವಿಶ್ವಕೋಶವನ್ನು ಒಬ್ಬರೇ ಬರೆದು ಮುಗಿಸಿದರು.

ಇಂಥ ವಿಂಗಡಣೆಯು ಪರರಿಂದ ಕಲಿಯಬೇಕಾದ ವಿದ್ಯೆಯೂ ಅಲ್ಲ. ಜೈನಾಗಮಗಳು ವ್ಯಂತರರನ್ನು ಎಂಟು ಬಗೆಯಾಗಿ ಎಣಿಸಿವೆ: ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ. ಒಂದೊಂದು ಬಗೆಗೆ ಒಂದೊಂದು ವೃಕ್ಷವನ್ನೂ ಹೇಳಿವೆ. ಕನ್ನಡದ ಆದಿಕವಿಗಳು ಈ ಶಾಸ್ತ್ರವನ್ನರಿತೇ ಬರೆದರು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ನಡೆಯುವಾಗ ಸುತ್ತ ಕುಣಿಯುವುವು ಮರುಳುಗಳು. ಆ ಮರುಳೆಂಬ ಪದವೇ ಭೂತವನ್ನೂ ಬುದ್ಧಿಭ್ರಮೆಯನ್ನೂ ಒಟ್ಟಿಗೆ ಹೇಳುತ್ತದೆಂಬುದನ್ನು ಯಾವ ಪರದೇಶದ ಕೋಶವು ಹೇಳಬಲ್ಲುದು? 1209ರಲ್ಲಿ ಯಶೋಧರಚರಿತೆಯನ್ನು ಬರೆದ ಜನ್ನನು ಚಂಡಮಾರಿಯ ಮನೆಯನ್ನು ವರ್ಣಿಸಿ, ಹಿಟ್ಟಿನ ಕೋಳಿಯ ಬಲಿಯಿಂದಲೂ ಜನ್ಮಜನ್ಮಾಂತರಗಳ ದುಃಖ ಹುಟ್ಟುವುದನ್ನು ತೋರಿಸಿದನು. ಇಲ್ಲಿ ಒಂದು ಭೇದವು ಸ್ಪಷ್ಟವಾಗುತ್ತದೆ. ಯೂರೋಪಿನ ವ್ಯಾಂಪೈರ್ ರಕ್ತವನ್ನು ಇರುಳಿನಲ್ಲಿ ಕದಿಯುತ್ತದೆ. ಕನ್ನಡನಾಡಿನ ಮಾರಿಗೆ ರಕ್ತವನ್ನು ಊರ ಜನರೆಲ್ಲ ನೆರೆದು, ವಾದ್ಯ ಬಾರಿಸಿ, ಮಾತು ಕೊಟ್ಟು ಕೊಡುತ್ತಿದ್ದರು. ಒಂದು ಕಳ್ಳತನ, ಮತ್ತೊಂದು ಕರಾರು. ಕೆಲವರು 'ಇಲ್ಲಿ ಶವವನ್ನು ಸುಡುವುದರಿಂದ ವ್ಯಾಂಪೈರ್ ಹುಟ್ಟಲಿಲ್ಲ' ಎನ್ನುವುದುಂಟು; ಈ ಸೀಮೆಯಲ್ಲಿ ಹೂಳುವ ಸಮುದಾಯಗಳು ಎಷ್ಟೋ ಇವೆಯಾದ್ದರಿಂದ ಆ ಮಾತು ನಿಲ್ಲದು. ಭೇದದ ಬೇರು ಆ ಕರಾರಿನಲ್ಲಿಯೇ ಇದ್ದೀತು.

ಬರೆದಿಡದಿದ್ದರೆ ಆಗುವುದೇನೆಂಬುದಕ್ಕೆ 'ನಾಳೆ ಬಾ' ಎಂಬ ಎರಡು ಪದಗಳೇ ಸಾಕು. ರಾತ್ರಿಯಲ್ಲಿ ಹೆಂಗಸಿನ ರೂಪದ ದೆವ್ವವೊಂದು ಬಾಗಿಲಿಗೆ ಬಂದು ಮನೆಯವರದೇ ಧ್ವನಿಯಲ್ಲಿ ಕೂಗುವುದು, ಓಗೊಟ್ಟು ಬಾಗಿಲು ತೆರೆದವನು ಸಾಯುವನು; ಆದುದರಿಂದ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯಬೇಕು; ದೆವ್ವವು ದಿನವೂ ಓದಿಕೊಂಡು ದಿನವೂ ಹಿಂದಿರುಗುವುದು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಸೀಮೆಸುಣ್ಣದಿಂದ ಬರೆದ ಈ ಅಕ್ಷರಗಳನ್ನು ಕಂಡವರು ಈಗ ನಡುವಯಸ್ಸಿನವರು. (ಅಕ್ಷರ ಬಲ್ಲ ದೆವ್ವ! ಸಾಕ್ಷರತೆಯ ಆಂದೋಳನದ ಕಾಲದಲ್ಲಿ ಅದು ಬಂದುದು ಸಮಯೋಚಿತವೇ.) 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಚಲಚ್ಚಿತ್ರವು ಇದೇ ಕಥೆಯಿಂದ ಹುಟ್ಟಿತು, ಅಲ್ಲಿ ಊರು ಮಧ್ಯಪ್ರದೇಶದ ಚಂದೇರಿಯಾಯಿತು, ಬಾಗಿಲಿನ ಬರಹ ಹಿಂದಿಯಾಯಿತು. ಕಥೆಗಳು ಊರೂರು ಅಲೆಯುವುದು ಅವುಗಳ ಧರ್ಮ, ಅದಕ್ಕೆ ಅಡ್ಡಿಯಿಲ್ಲ. ಆದರೆ ಇನ್ನು ಇಪ್ಪತ್ತು ವರ್ಷಗಳಿಗೆ ದೊಡ್ಡಬಳ್ಳಾಪುರದ ಮಗುವೊಂದು ತನ್ನ ಅಜ್ಜನ ಮನೆಯ ಬಾಗಿಲಿನ ಕಥೆಯನ್ನು ಚಂದೇರಿಯದೆಂದು ನಂಬಿದರೆ, ತಪ್ಪು ಮಗುವಿನದಲ್ಲ. ಯಾವ ಬೀದಿಯಲ್ಲಿ, ಯಾವ ವರ್ಷದಲ್ಲಿ, ಯಾರು ಯಾರಿಗೆ ಹೇಳಿದರೆಂದು ಬರೆದಿಡಬೇಕಾಗಿದ್ದವರು ಆ ಕಾರ್ಯಕ್ಕೇ 'ನಾಳೆ ಬಾ' ಎಂದು ಬರೆದು ಮಲಗಿದರು.

ಕಥೆಗಳು ನಿಲ್ಲಬೇಕಾದ ನೆಲವೇ ಈ ಸೀಮೆಯಲ್ಲಿ ಕಾಲಕೆಳಗಿನಿಂದ ಸರಿಯುತ್ತಿದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನನಿಲ್ದಾಣವಾದ ಮೇಲೆ ಹೊಲಗಳು ನಿವೇಶನಗಳಾದವು, ಕೆರೆಯಂಗಳಗಳು ಬತ್ತಿದವು. ಕೊಳ್ಳಿದೆವ್ವವು ಕೆರೆಯಂಗಳದ ಪ್ರಾಣಿ. ಜೌಗಿನಲ್ಲಿ ಕೊಳೆತ ಸಸ್ಯಗಳಿಂದ ಹೊರಡುವ ಅನಿಲವು ಉರಿದು ಕಾಣುವ ಬೆಳಕೆಂದು ವಿಜ್ಞಾನಿಗಳು ಬಹುಕಾಲದಿಂದ ಊಹಿಸಿರುವುದು ಅದನ್ನೇ. ಜೌಗಿಲ್ಲದಲ್ಲಿ ಕೊಳ್ಳಿಯೂ ಇಲ್ಲ. ಅದನ್ನು ಕಂಡೆನೆನ್ನುವ ಕಡೆಯ ತಲೆಮಾರು ಈಗ ಮುಪ್ಪಿನಲ್ಲಿದೆ. ಅದೇ ತಾಲ್ಲೂಕಿನ ನಲ್ಲೂರಿನಲ್ಲಿ, ಸುಮಾರು 54 ಎಕರೆಗಳ ಹಳೆಯ ಹುಣಸೆಯ ತೋಪನ್ನು 2007ರಲ್ಲಿ ದೇಶದ ಮೊತ್ತಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಒಳ್ಳೆಯದಾಯಿತು, ಮರಗಳ ಜಾತಿ, ಸುತ್ತಳತೆ, ವಯಸ್ಸು ಎಲ್ಲವೂ ಲೆಕ್ಕಕ್ಕೆ ಬಂದವು. ಕನ್ನಡನಾಡಿನಲ್ಲಿ ಹುಣಸೆಯ ಮರವೆಂದರೆ ದೆವ್ವದ ಮನೆ. ಅಂಥ ಮರಗಳ ಬೀಡಿನಲ್ಲಿ ಸುತ್ತಣ ಹಳ್ಳಿಗಳ ಮುದುಕಿಯರು ಯಾವ ಮರದಲ್ಲಿ ಯಾರಿರುವರೆಂದು ಹೇಳುತ್ತಿದ್ದರೋ ಆ ಲೆಕ್ಕವನ್ನೂ ಮರಗಳ ಲೆಕ್ಕದ ಜೊತೆಯಲ್ಲಿಯೇ ಬರೆದುಕೊಳ್ಳಬಾರದೆ?

ಆ 'ಯಾರು' ಎಂಬುದರಲ್ಲಿಯೇ ಈ ವಿಷಯದ ಗಂಭೀರವಾದ ಭಾಗವಿರುವುದು. ಹಳ್ಳಿಯ ದೆವ್ವಗಳ ಪಟ್ಟಿಯನ್ನು ಮಾಡಿ ನೋಡಿದರೆ, ಅದರಲ್ಲಿ ಬಹುಪಾಲು ಹೆಂಗಸರು. ಹೆರಿಗೆಯಲ್ಲಿ ಸತ್ತ ಬಾಣಂತಿ, ಬಾವಿಗೆ ಬಿದ್ದ ಸೊಸೆ, ಮದುವೆಗೆ ಮೊದಲೇ ತೀರಿಕೊಂಡ ಕನ್ಯೆ. ಕೆರೆಗೆ ಹಾರವಾದ ಭಾಗೀರಥಿಗೆ ಹಾಡಾದರೂ ದೊರೆಯಿತು. ಇವರಿಗೆ ದೊರೆತದ್ದು ಮರದ ಕೊಂಬೆ ಮಾತ್ರ. ಬಾಣಂತಿದೆವ್ವದ ಕಥೆಯಿರುವಲ್ಲಿ ಸೂಲಗಿತ್ತಿಯ ಕೈಮೀರಿ ಸತ್ತ ತಾಯಂದಿರ ನೆನಪಿದೆ. ಸೊಸೆಯ ದೆವ್ವವು ಅತ್ತೆಯ ಮನೆಯನ್ನೇ ಸುತ್ತುವುದೆಂಬ ಕಥೆಯಲ್ಲಿ ಯಾವ ಠಾಣೆಯಲ್ಲಿಯೂ ಬರೆಯದ ದೂರೊಂದು ಉಳಿದಿದೆ. ಇದನ್ನು ಮೂಢನಂಬಿಕೆಯೆಂದು ಗುಡಿಸಿ ಹಾಕುವ ವಿಚಾರವಾದಿಯೂ, ಅದೇ ಹೆಂಗಸಿಗೆ ಕೋರೆಹಲ್ಲು ಕಟ್ಟಿ ಕೆಂಪು ಕಣ್ಣಿಟ್ಟು ಮುಖಪುಟದಲ್ಲಿ ಮಾರುವ ಪ್ರಕಾಶಕನೂ ಒಂದೇ ಕೆಲಸವನ್ನು ಮಾಡುತ್ತಿದ್ದಾರೆ. ಇಬ್ಬರೂ ಆ ದೂರನ್ನು ಕೇಳಿಸಿಕೊಳ್ಳಲಿಲ್ಲ.

ಕೋಶವು ಹೇಗಿರಬೇಕೆಂಬುದಕ್ಕೆ ಜಪಾನಿನವರು ಒಂದು ಮಾರ್ಗವನ್ನು ಹಾಕಿಕೊಟ್ಟಿದ್ದಾರೆ. 1776ರಲ್ಲಿ ತೊರಿಯಾಮ ಸೆಕಿಯೆನ್ ಎಂಬ ಚಿತ್ರಕಾರನು ತನ್ನ ನಾಡಿನ ಭೂತಗಳನ್ನು ಪುಟಕ್ಕೊಂದರಂತೆ ಬರೆದನು. 20ನೆಯ ಶತಮಾನದಲ್ಲಿ ಮಿಜುಕಿ ಶಿಗೇರು ಅದನ್ನು ಮುಂದುವರಿಸಿ, ಊರೂರಿನ ಭೂತಗಳಿಗೆ ಮುಖ ಕೊಟ್ಟನು. ಅವನ ಊರಿನ ಬೀದಿಯಲ್ಲಿ ಈಗ ಆ ಭೂತಗಳ ಕಂಚಿನ ಪ್ರತಿಮೆಗಳು ನಿಂತಿವೆ. ಅಲ್ಲಿಯ ಮಕ್ಕಳು ಅದರಿಂದ ವಿಜ್ಞಾನವನ್ನೇನೂ ಮರೆತಿಲ್ಲ.

ಕನ್ನಡದ ಕೋಶದಲ್ಲಿ ಪ್ರತಿಯೊಂದು ಹೆಸರಿಗೂ ಊರು, ತಾಲ್ಲೂಕು, ಹೇಳಿದವರ ವಯಸ್ಸು ಮತ್ತು ಕಸುಬು, ಕೇಳಿದ ವರ್ಷ ಇರಲೇಬೇಕು. ಹೇಳಿದವರ ಮಾತು ಅವರದೇ ನುಡಿಯಲ್ಲಿರಲಿ. ದೆವ್ವವನ್ನು ಪ್ರೇತಾತ್ಮವೆಂದೂ ಗಾಳಿಯನ್ನು ವಾಯುಬಾಧೆಯೆಂದೂ ತಿದ್ದುವ ಪಂಡಿತರನ್ನು ಅಚ್ಚಿನ ಮನೆಯೊಳಗೆ ಬಿಡಕೂಡದು. ನಾಲ್ಕು ತಾಲ್ಲೂಕುಗಳಲ್ಲಿಯೂ ಕಾಲೇಜುಗಳಿವೆ, ಬೇಸಗೆಯ ರಜೆಯಿದೆ, ಧ್ವನಿಯನ್ನು ಹಿಡಿಯುವ ಯಂತ್ರವು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ನಂಜುಂಡಯ್ಯನವರ ಕಾಲದಲ್ಲಿ ಇವಾವುವೂ ಇರಲಿಲ್ಲ. ಚಿತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಚಿತ್ರವು ಮಾತಿಗಿಂತ ಸುಲಭವಾಗಿ ಸುಳ್ಳು ಹೇಳುತ್ತದೆ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿಯ ಹುಡುಗಿಯರಿಬ್ಬರು ಕಾಗದದ ಫೇರಿಗಳನ್ನು ಕತ್ತರಿಸಿ ನಿಲ್ಲಿಸಿ ಛಾಯಾಚಿತ್ರ ತೆಗೆದಾಗ, ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲನೇ ನಂಬಿ 1922ರಲ್ಲಿ ಪುಸ್ತಕ ಬರೆದನು; ಹುಡುಗಿಯರು ಮುದುಕಿಯರಾಗಿ ನಿಜವನ್ನು ಹೇಳುವಷ್ಟರಲ್ಲಿ 1983 ಬಂದಿತ್ತು.

ಆದುದರಿಂದ ಅಕ್ಕಯ್ಯಗಳಿಗೆ ಏಳು ಕಲ್ಲುಗಳ ಚಿತ್ರವೇ ಸಾಕು. ದೇವಾಂಗನೆಯನ್ನು ವೀರಗಲ್ಲಿನಿಂದ ಅಚ್ಚೆತ್ತಿಕೊಂಡರೆ ಸಾಕು. ಕೊಳ್ಳಿದೆವ್ವಕ್ಕೆ ಕತ್ತಲೆ, ಕೆರೆಯ ಏರಿ, ಒಂದು ಬೆಳಕಿನ ಚುಕ್ಕೆ. ಮುನೇಶ್ವರನ ಪುಟವೇ ಎಲ್ಲಕ್ಕಿಂತ ಕಷ್ಟವಾದುದು. ಹೊಸಕೋಟೆ ದೇವನಹಳ್ಳಿಗಳ ಕಡೆ ಮುನಿಯಪ್ಪ, ಮುನಿಯಮ್ಮ, ಮುನಿರಾಜು ಎಂಬ ಹೆಸರುಗಳಿಲ್ಲದ ಹಳ್ಳಿಯೇ ಅಪರೂಪ. ಅದೇ ಜನರು ಮಗುವಿಗೆ ಜ್ವರ ಬಂದರೆ 'ಮುನಿ ಹಿಡಿದಿದೆ' ಎನ್ನುತ್ತಾರೆ. ಹಿಡಿಯುವವನೂ ಅವನೇ, ಕಾಯುವವನೂ ಅವನೇ, ಹೆಸರು ಕೊಡುವವನೂ ಅವನೇ. ಇತ್ತೀಚೆಗೆ ಗುಡಿಗಳಲ್ಲಿ ಮೀಸೆ ಹೊತ್ತು ಕತ್ತಿ ಹಿಡಿದ ಸಿಮೆಂಟಿನ ಮೂರ್ತಿಗಳು ಎದ್ದಿವೆ. ಹಳೆಯ ಮುನಿಗೆ ಮರದ ಬುಡದಲ್ಲಿ ಸುಣ್ಣ ಬಳಿದ ಮೂರು ಕಲ್ಲುಗಳಲ್ಲದೆ ಬೇರೆ ರೂಪವಿರಲಿಲ್ಲ. ಚಿತ್ರಕಾರನು ಆ ಮರವನ್ನೂ ಆ ಕಲ್ಲುಗಳನ್ನೂ ಬರೆದು, ಅವುಗಳ ಮೇಲೆ ಯಾರನ್ನೂ ಕೂರಿಸದೆ, ಪುಟದ ಉಳಿದ ಭಾಗವನ್ನು ಬರಿದಾಗಿ ಬಿಡುವುದು ಲೇಸು.